ತೋಟದಲ್ಲಿ ಸಿಕ್ಕ ಮಡಕೆ, ಅಜ್ಜನ ಪೆಟ್ಟಿಗೆಯ ನಾಣ್ಯ: ಪುರಾತನ ವಸ್ತುಗಳ ಸಂಗ್ರಹವನ್ನು ಎಲ್ಲಿಂದ ಆರಂಭಿಸಬೇಕು?

ತೋಟದಂಚು, ಸೋಮವಾರಪೇಟೆ:

ಎಲ್ಲರಿಗೂ ನಮಸ್ಕಾರ. ಕಳೆದ ತಿಂಗಳು ನಮ್ಮ ಕಾಫಿ ತೋಟದಲ್ಲಿ ಸಿಲ್ವರ್ ಓಕ್ ಸಸಿ ನೆಡಲು ಗುಂಡಿ ತೆಗೆಯುತ್ತಿದ್ದಾಗ ಒಂದು ಚಪ್ಪಡಿ ಕಲ್ಲು ಅಡ್ಡ ಬಂದಿತು. ಅದರ ಪಕ್ಕದಲ್ಲಿ ಒಳಗೆಲ್ಲ ಕಪ್ಪಾಗಿ, ಹೊರಗೆ ಕೆಳಭಾಗ ಮಾತ್ರ ಕೆಂಪಾಗಿರುವ ಒಡೆದ ಮಡಕೆಯೂ ನಾಲ್ಕು ಕೆಂಪು ಮಣಿಗಳೂ ಸಿಕ್ಕಿದವು. ಇದಲ್ಲದೆ ಅಜ್ಜನ ಪೆಟ್ಟಿಗೆಯಲ್ಲಿ ಆನೆಯ ಚಿತ್ರವಿರುವ ತಾಮ್ರದ ನಾಣ್ಯಗಳು, ಶ್ರೀರಾಮ ಪಟ್ಟಾಭಿಷೇಕದ ಚಿತ್ರವೂ 1818 ಎಂಬ ಇಸವಿಯೂ ಇರುವ ಒಂದು ದೊಡ್ಡ ನಾಣ್ಯ, ತುಕ್ಕು ಹಿಡಿದ ಒಂದು ಒಡಿಕತ್ತಿ (ಕೊಡವರ ಅಗಲ ಅಲಗಿನ ಕತ್ತಿ) ಇವೆ. ಇವುಗಳಿಂದಲೇ ಒಂದು ಸಂಗ್ರಹವನ್ನು ಆರಂಭಿಸಬೇಕೆಂಬ ಆಸೆ ನನ್ನದು. ಆ ಗುಂಡಿಯನ್ನು ಇನ್ನಷ್ಟು ಅಗೆಸಬಹುದೇ? ಇವನ್ನೆಲ್ಲ ಮನೆಯಲ್ಲಿ ಇಟ್ಟುಕೊಳ್ಳಲು ಕಾನೂನಿನ ಅಡ್ಡಿ ಇದೆಯೇ?

ನಿವೃತ್ತ ಇತಿಹಾಸ ಅಧ್ಯಾಪಕ, ಮಡಿಕೇರಿ:

ದಯವಿಟ್ಟು ಅಗೆಯುವುದನ್ನು ಇಂದೇ ನಿಲ್ಲಿಸಿ. ನೀವು ವರ್ಣಿಸಿದ ಕಪ್ಪು-ಕೆಂಪು ಮಡಕೆಯೂ ಚಪ್ಪಡಿಯೂ ಬೃಹತ್ ಶಿಲಾಯುಗದ, ಅಂದರೆ ದೊಡ್ಡ ಕಲ್ಲುಗಳಿಂದ ಸಮಾಧಿ ಕಟ್ಟುತ್ತಿದ್ದ ಪ್ರಾಚೀನ ಕಾಲದ, ಸಮಾಧಿಯನ್ನು ನೆನಪಿಸುತ್ತವೆ. ನಿಮ್ಮ ತಾಲ್ಲೂಕಿನ ದೊಡ್ಡಮಳ್ತೆಯ ಮೋರಿಬೆಟ್ಟದಲ್ಲಿ ಇಂತಹ ಕಲ್ಮನೆಗಳು (ಚಪ್ಪಡಿ ಕಲ್ಲಿನ ಸಮಾಧಿಗಳು) ನೆಲದ ಮೇಲೆಯೇ ಕಾಣಸಿಗುತ್ತವೆ. ನಮ್ಮ ಹಿರಿಯರು ಅವನ್ನು ಪಾಂಡವರ ಹೆಸರಿನಿಂದ ಕರೆಯುತ್ತಿದ್ದರು. ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರಿಟಿಷ್ ಅಧಿಕಾರಿಗಳು ಕೊಡಗಿನ ಇಂತಹ ಹಲವು ಸಮಾಧಿಗಳನ್ನು ತೆರೆಸಿದಾಗಲೂ ಮಡಕೆ, ಮಣಿ ಮತ್ತು ಕಬ್ಬಿಣದ ತುಂಡುಗಳು ದೊರೆತಿದ್ದವು.

ಮಡಕೆಯೊಂದನ್ನು ಕಪಾಟಿನಲ್ಲಿಟ್ಟರೆ ಅದು ಬರಿಯ ಮಡಕೆ. ಅದು ಚಪ್ಪಡಿಯ ಯಾವ ಬದಿಯಲ್ಲಿತ್ತು, ಬಾಯಿ ಯಾವ ಕಡೆಗಿತ್ತು, ಮಣಿಗಳು ಅದರ ಒಳಗಿದ್ದವೇ ಹೊರಗಿದ್ದವೇ, ಪಕ್ಕದಲ್ಲಿ ಬೂದಿ ಅಥವಾ ಎಲುಬಿನ ಚೂರುಗಳಿದ್ದವೇ ಎಂಬ ವಿವರಗಳಿದ್ದಾಗ ಮಾತ್ರ ಅದನ್ನು ಅಲ್ಲಿಟ್ಟವರ ಬಗ್ಗೆ ನಮಗೇನಾದರೂ ತಿಳಿಯುತ್ತದೆ, ಮತ್ತು ಆ ವಿವರಗಳು ಗುದ್ದಲಿಯ ಒಂದೇ ಏಟಿಗೆ ಅಳಿಸಿಹೋಗುತ್ತವೆ. ಸಿಕ್ಕಿರುವ ಚೂರುಗಳನ್ನು ತೊಳೆಯದೆ, ಅಂಟಿಸದೆ ಒಂದು ಡಬ್ಬಿಯಲ್ಲಿಡಿ. ಪಕ್ಕದಲ್ಲಿ ಒಂದು ಅಳತೆಪಟ್ಟಿ ಇಟ್ಟು ಗುಂಡಿಯ ಛಾಯಾಚಿತ್ರ ತೆಗೆಯಿರಿ. ನಿಮ್ಮ ಕೆಲಸಗಾರರಿಗೆ ನೆನಪಿರುವುದನ್ನೆಲ್ಲ ಅವರ ಮಾತಿನಲ್ಲೇ ಬರೆದಿಡಿ. ನೆಲದಲ್ಲಿ ಹುದುಗಿದ್ದ ನಿಧಿಯ ಬಗ್ಗೆ ಜಿಲ್ಲಾಧಿಕಾರಿಗೆ ತಿಳಿಸಬೇಕೆಂದು 1962ರ ರಾಜ್ಯ ಕಾಯ್ದೆ ಹೇಳುತ್ತದೆ. ಅಲ್ಲಿಗೂ ಪುರಾತತ್ತ್ವ ಇಲಾಖೆಗೂ ಪತ್ರ ಬರೆಯಿರಿ. ಹೊಲ, ತೋಟ ನಮ್ಮದಾದರೂ ನೆಲದೊಳಗಿನ ಪುರಾವಸ್ತು ತಾನಾಗಿಯೇ ನಮ್ಮದಾಗುವುದಿಲ್ಲ.

ಮನೆಯಲ್ಲಿ ಮೊದಲಿನಿಂದಲೂ ಇರುವ ವಸ್ತುಗಳ ವಿಚಾರ ಬೇರೆ. 1972ರ ಪುರಾವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ವಸ್ತುಗಳು ಪುರಾವಸ್ತುಗಳೆನಿಸುತ್ತವೆ. ಹಸ್ತಪ್ರತಿಗಳಿಗೆ 75 ವರ್ಷ ಸಾಕು. ಇಟ್ಟುಕೊಳ್ಳುವುದು ಅಪರಾಧವಲ್ಲ. ಆದರೆ ಶಿಲ್ಪ, ಹಳೆಯ ವರ್ಣಚಿತ್ರ, ಚಿತ್ರಸಹಿತ ಹಸ್ತಪ್ರತಿಗಳನ್ನು ನೋಂದಾಯಿಸಬೇಕು, ವ್ಯಾಪಾರ ಮಾಡುವವರು ಪರವಾನಗಿ ಪಡೆಯಬೇಕು, ಖಾಸಗಿಯವರು ಯಾವುದನ್ನೂ ಹೊರದೇಶಕ್ಕೆ ಕಳುಹಿಸುವಂತಿಲ್ಲ. ದೇವರಕಾಡಿನಲ್ಲಿ ಅಯ್ಯಪ್ಪನಿಗೆ ಹರಕೆಯಾಗಿ ಒಪ್ಪಿಸಿದ ಮಣ್ಣಿನ ನಾಯಿಗಳನ್ನು ಸಂಗ್ರಹಕ್ಕೆಂದು ಎತ್ತಿಕೊಂಡು ಬಂದವರನ್ನು ನಾನು ಕಂಡಿದ್ದೇನೆ. ಆ ಕೆಲಸವನ್ನು ಎಂದಿಗೂ ಮಾಡಬೇಡಿ.

ತಾಮ್ರಕಾಸು, ಕುಶಾಲನಗರ:

ನಾನು ನಾಣ್ಯಗಳ ಬಗ್ಗೆ ಮಾತ್ರ ಹೇಳುತ್ತೇನೆ. ಆನೆಯ ನಾಣ್ಯಗಳು ಟಿಪ್ಪುವಿನ ಕಾಲದ ಕಾಸುಗಳಿರಬಹುದು. ಟಿಪ್ಪು ತಾನು ಜಾರಿಗೆ ತಂದ ಮೌಲೂದಿ ಶಕೆಯ ಇಸವಿಯ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದ್ದರಿಂದ ಹೊಸಬರು ಇಸವಿಯನ್ನು ತಿರುಗುಮುರುಗಾಗಿ ಓದುವುದುಂಟು. 1818ರ ರಾಮನ ನಾಣ್ಯ ಮಾತ್ರ ಚಲಾವಣೆಯ ನಾಣ್ಯವಲ್ಲ. ಈಸ್ಟ್ ಇಂಡಿಯಾ ಕಂಪನಿಯು ದೇವರ ಚಿತ್ರವುಳ್ಳ ಅಂತಹ ನಾಣ್ಯವನ್ನು ಟಂಕಿಸಲಿಲ್ಲ. ಅವು ಬಹಳ ಕಾಲದ ನಂತರ ಪೂಜೆಗೂ ಮಾರಾಟಕ್ಕೂ ತಯಾರಾದ ಬಿಲ್ಲೆಗಳು. ಅದಕ್ಕೆ ಲಕ್ಷಗಟ್ಟಲೆ ಬೆಲೆ ಬರುತ್ತದೆಂದು ಮುಂಗಡ ಶುಲ್ಕ ಕೇಳುವವರು ಫೋನ್ ಮಾಡಿದರೆ ಒಂದು ರೂಪಾಯಿಯನ್ನೂ ಕೊಡಬೇಡಿ. ಆದರೂ ಅದು ನಿಮ್ಮ ಅಜ್ಜ ಜೋಪಾನ ಮಾಡಿದ ವಸ್ತು, ಬಿಸಾಡಬೇಡಿ.

ಇಪ್ಪತ್ತು ವರ್ಷಗಳ ಹಿಂದೆ ನಾನು ಒಂದು ತಾಮ್ರದ ನಾಣ್ಯವನ್ನು ಹುಣಸೆಹಣ್ಣಿನಿಂದ ಉಜ್ಜಿ ಥಳಥಳಿಸುವಂತೆ ಮಾಡಿದೆ. ಕಾಲ ಕಟ್ಟಿದ್ದ ಕಂದು ಪೊರೆಯೂ ಅದರೊಂದಿಗೆ ಅರ್ಧ ಅಕ್ಷರಗಳೂ ಹೋದವು. ಆ ನಷ್ಟ ಇಂದಿಗೂ ನೋಯಿಸುತ್ತದೆ. ನಮ್ಮ ಮಳೆಗಾಲದ ತೇವವೇ ಸಂಗ್ರಹಕಾರನ ದೊಡ್ಡ ಶತ್ರು. ಪಿವಿಸಿ ಹಾಳೆಗಳ ಆಲ್ಬಮ್ ಬೇಡ, ಅವು ಕಾಲಕ್ರಮೇಣ ತಾಮ್ರದ ಮೇಲೆ ಹಸಿರು ಜಿಡ್ಡನ್ನು ಬಿಡುತ್ತವೆ. ಆಮ್ಲರಹಿತ ಕಾಗದದ ಲಕೋಟೆಗಳಲ್ಲಿಟ್ಟು, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳನ್ನು ಹಾಕಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅವುಗಳನ್ನು ಬದಲಾಯಿಸುತ್ತಿರಿ. ತಿಳಿಹಸಿರು ಪುಡಿ ಉದುರುವ ನಾಣ್ಯ ಕಂಡರೆ ಉಳಿದವುಗಳಿಂದ ಕೂಡಲೇ ಬೇರ್ಪಡಿಸಿ.

ಐನ್‌ಮನೆ, ವಿರಾಜಪೇಟೆ:

ಒಡಿಕತ್ತಿಯ ಬಗ್ಗೆ ಒಂದು ಮಾತು. ನಮ್ಮಲ್ಲಿ ಅದು ಕೈಲ್‌ಪೊಳ್ದ್ (ಕೊಡವರ ಆಯುಧಪೂಜೆಯ ಹಬ್ಬ) ದಿನ ತೋಕ್‌ಪೂ ಎಂಬ ಹೂ ಮುಡಿದು ಪೂಜೆಗೊಳ್ಳುವ ಆಯುಧ. ಆದ್ದರಿಂದ ಅದು ನಿಮ್ಮೊಬ್ಬರದೇ ಅಥವಾ ಇಡೀ ಕುಟುಂಬದ್ದೇ ಎಂದು ಹಿರಿಯರನ್ನು ಕೇಳಿ ತಿಳಿದುಕೊಳ್ಳಿ. ಸಾಣೆ ಹಿಡಿಸಬೇಡಿ. ಒಣ ಬಟ್ಟೆಯಿಂದ ಸಡಿಲ ತುಕ್ಕನ್ನು ಒರೆಸಿ, ತೆಳುವಾಗಿ ಎಣ್ಣೆ ಸವರಿ, ಚರ್ಮದ ಒರೆ ಇದ್ದರೆ ಅದರಿಂದ ಹೊರಗಿಡಿ. ಚರ್ಮ ಹೀರಿದ ತೇವ ಅಲಗನ್ನು ತಿನ್ನುತ್ತದೆ.

ತೋಟದಂಚು, ಸೋಮವಾರಪೇಟೆ:

ಎಲ್ಲರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ಗುಂಡಿಗೆ ಟಾರ್ಪಾಲು ಹೊದಿಸಿ ಸಸಿಯನ್ನು ಹತ್ತು ಮಾರು ಆಚೆ ನೆಡಿಸಿದ್ದೇನೆ. ಜಿಲ್ಲಾಧಿಕಾರಿಗಳ ಕಚೇರಿಗೆ ಪತ್ರವನ್ನೂ ಚಿತ್ರಗಳನ್ನೂ ಕೊಟ್ಟು ಸ್ವೀಕೃತಿ ಪಡೆದಿದ್ದೇನೆ. ದೊಡ್ಡಮ್ಮನನ್ನು ಕೇಳಿದಾಗ, ಆನೆಯ ಕಾಸುಗಳನ್ನು ಅಜ್ಜ ಪಿರಿಯಾಪಟ್ಟಣದ ಸಂತೆಯಲ್ಲಿ ಪಾತ್ರೆ ವ್ಯಾಪಾರಿಯೊಬ್ಬರಿಂದ ಪಡೆದಿದ್ದರೆಂದು ತಿಳಿಯಿತು. ಅದನ್ನು ಒಂದು ಹೊಸ ಪುಸ್ತಕದ ಮೊದಲ ಪುಟದಲ್ಲಿ ಬರೆದಿದ್ದೇನೆ.