ಯೂನಿವರ್ಸಿಟಿ ಸೇರಿದ ಮಕ್ಕಳ ಬಗ್ಗೆ ಪೋಷಕರಿಗೆ ಎಷ್ಟು ತಿಳಿಸಬೇಕು, ಎಲ್ಲಿ ನಿಲ್ಲಿಸಬೇಕು?

ಪ್ರಶ್ನೆ: ಕ್ಷೇಮವಿಭಾಗ

ಎಲ್ಲರಿಗೂ ನಮಸ್ಕಾರ. ನಾನು ಒಂದು ವಿಶ್ವವಿದ್ಯಾಲಯದ ವಿದ್ಯಾರ್ಥಿ ಕ್ಷೇಮ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಮುಂದಿನ ಪ್ರವೇಶದ ಹೊತ್ತಿಗೆ ಪೋಷಕರ ಜೊತೆ ಸಂಪರ್ಕ ಇಟ್ಟುಕೊಳ್ಳಲು ಒಂದು ಸರಿಯಾದ ವ್ಯವಸ್ಥೆ ಮಾಡಿ ಅಂತ ನಮಗೆ ಹೇಳಿದ್ದಾರೆ. ಸದ್ಯಕ್ಕೆ ಇರುವುದು ಇಷ್ಟೇ. ಮೊದಲ ದಿನ ಸಭಾಂಗಣದಲ್ಲಿ ಒಂದಷ್ಟು ಭಾಷಣ, ಆಮೇಲೆ ಫೀಸು ಕಟ್ಟಲು ನೆನಪಿಸುವ ಪತ್ರ, ಹಾಜರಿ ಕಡಿಮೆಯಾದರೆ ಒಂದು ಮೆಸೇಜು. ಅಂದರೆ ನಮ್ಮ ಕಡೆಯಿಂದ ಮನೆಗೆ ಸುದ್ದಿ ಹೋಯಿತು ಅಂದರೆ ಅದು ದುಡ್ಡಿನ ವಿಷಯ, ಇಲ್ಲವೇ ದೂರು. ಇದು ನನಗೆ ತುಂಬಾ ಬೇಸರ ತರುತ್ತದೆ.

ಸಭೆಯಲ್ಲಿ ಎರಡು ಥರದ ಮಾತು ಬಂತು. ಕೆಲವರು ಒಂದು ಆ್ಯಪ್ ತರೋಣ, ಮಕ್ಕಳು ಒಂದು ಕ್ಲಾಸ್ ತಪ್ಪಿಸಿದರೂ ಆ ಕ್ಷಣಕ್ಕೇ ಮನೆಗೆ ಗೊತ್ತಾಗಲಿ, ಟೆಸ್ಟಿನ ಅಂಕ, ಹಾಸ್ಟೆಲಿಗೆ ಬಂದು ಹೋದ ಹೊತ್ತು ಎಲ್ಲವೂ ಅದರಲ್ಲೇ ಬರಲಿ ಅಂದರು. ಇನ್ನು ಕೆಲವರು, ಇಲ್ಲಿ ಓದುತ್ತಿರುವವರು ದೊಡ್ಡವರು, ಪೋಷಕರ ಉಸಾಬರಿಯೇ ಬೇಡ ಅಂದರು. ನನಗೆ ಎರಡೂ ಒಪ್ಪಿಗೆಯಾಗುತ್ತಿಲ್ಲ. ಪೋಷಕರು, ವಿದ್ಯಾರ್ಥಿಗಳು, ಇಂಥ ಕೆಲಸ ಮಾಡಿದವರು ಯಾರಾದರೂ ಇದ್ದರೆ ನಿಮಗೆ ಏನನ್ನಿಸುತ್ತದೆ ಬಿಡಿಸಿ ಹೇಳಿ.

ಉತ್ತರ: ಹಳೇ ವಾರ್ಡನ್

ಸಂಸ್ಥೆಯ ಬಗೆಗಿನ ಮಾಹಿತಿ ಬೇರೆ, ಒಬ್ಬ ವಿದ್ಯಾರ್ಥಿಯ ಬಗೆಗಿನ ಮಾಹಿತಿ ಬೇರೆ. ನಿಮ್ಮ ಸಭೆಯಲ್ಲಿ ಇವೆರಡನ್ನೂ ಒಟ್ಟಿಗೆ ಕಲಸಿದ್ದಾರೆ, ಅದಕ್ಕೇ ಜಗಳ. ಮೊದಲನೆಯದನ್ನು ಧಾರಾಳವಾಗಿ ಕೊಡಿ. ಪರೀಕ್ಷೆ ಯಾವಾಗ, ರಜೆ ಯಾವಾಗ, ಫೀಸಿನ ಕೊನೆಯ ದಿನ ಯಾವಾಗ, ವಿದ್ಯಾರ್ಥಿವೇತನದ ಅರ್ಜಿ ಯಾವಾಗ, ಹುಷಾರಿಲ್ಲದಿದ್ದರೆ ಎಲ್ಲಿಗೆ ಹೋಗಬೇಕು, ರಾತ್ರಿ ಏನಾದರೂ ಆದರೆ ಯಾರು ಫೋನ್ ಎತ್ತುತ್ತಾರೆ. ಇದರಲ್ಲಿ ಯಾವ ಗುಟ್ಟೂ ಇಲ್ಲ. ಆದರೂ ಎಷ್ಟೋ ಪೋಷಕರಿಗೆ ಇದು ಗೊತ್ತೇ ಇರುವುದಿಲ್ಲ, ಗೊತ್ತಿಲ್ಲದಿದ್ದಾಗ ಅವರು ಮಗನಿಗೋ ಮಗಳಿಗೋ ಮತ್ತೆ ಮತ್ತೆ ಫೋನ್ ಮಾಡುತ್ತಾರೆ, ನಾವು ಅದನ್ನು ಅತಿಯಾದ ಕಾಳಜಿ ಅಂತ ಕರೆಯುತ್ತೇವೆ.

ಎರಡನೆಯದು, ಅಂದರೆ ಅಂಕ, ಹಾಜರಿ, ಗೆಳೆತನ, ಆರೋಗ್ಯ, ಇದು ಆ ಹುಡುಗ ಅಥವಾ ಹುಡುಗಿಯ ಕೈಯಿಂದಲೇ ಮನೆಗೆ ಹೋಗಬೇಕು. ಗೇಟಿನ ಹೊತ್ತನ್ನು ಆ್ಯಪಿನಲ್ಲಿ ಕಳಿಸುವುದಕ್ಕೆ ನನ್ನ ಪೂರ್ತಿ ವಿರೋಧ ಇದೆ. ಹಾಗೆ ಮಾಡಿದರೆ ಮಕ್ಕಳು ಆ ಆ್ಯಪನ್ನು ತಪ್ಪಿಸುವ ದಾರಿ ಕಲಿಯುತ್ತಾರೆ, ನಿಜವಾಗಿ ಕಷ್ಟ ಬಂದ ದಿನ ವಾರ್ಡನ್ ಹತ್ತಿರವೂ ಬರುವುದಿಲ್ಲ.

ಇನ್ನೊಂದು. ಭಾರತದಲ್ಲಿ ಯುಜಿಸಿಯ, ಅಂದರೆ ವಿಶ್ವವಿದ್ಯಾಲಯ ಧನಸಹಾಯ ಆಯೋಗದ, 2009ರ ರ‍್ಯಾಗಿಂಗ್ ತಡೆ ನಿಯಮದಂತೆ ವಿದ್ಯಾರ್ಥಿಯ ಜೊತೆ ಪೋಷಕರೂ ಮುಚ್ಚಳಿಕೆ ಕೊಡಬೇಕು. ಎಲ್ಲರೂ ಸುಮ್ನೆ ಸಹಿ ಹಾಕಿ ಹೋಗುತ್ತಾರೆ. ಅದೇ ಹೊತ್ತಿಗೆ ಅವರನ್ನು ಒಂದು ಐದು ನಿಮಿಷ ಕೂರಿಸಿ, ಹೀಗೇನಾದರೂ ಕಿವಿಗೆ ಬಿದ್ದರೆ ಏನು ಮಾಡಬೇಕು, 1800-180-5522 ಸಹಾಯವಾಣಿಗೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು ಅಂತ ಹೇಳಿ. ಆ ಕಾಗದಕ್ಕೆ ಆಗ ಬೆಲೆ ಬರುತ್ತದೆ.

ಉತ್ತರ: ಇಬ್ಬರ ಅಮ್ಮ

ವಾರ್ಡನ್ ಸರ್ ಹೇಳಿದ್ದು ನಿಜ. ನನ್ನ ಮಗಳು ಯೂನಿವರ್ಸಿಟಿ ಸೇರಿದಾಗ ಮೊದಲ ದಿನದ ಭಾಷಣದಲ್ಲಿ ಕ್ರೆಡಿಟ್, ಇಲೆಕ್ಟಿವ್, ಬ್ಯಾಕ್‌ಲಾಗ್ ಅಂತ ಏನೇನೋ ಹೇಳಿದರು. ನಾನು ಕಾಲೇಜು ಮೆಟ್ಟಿಲು ಹತ್ತಿದವಳಲ್ಲ. ಪಕ್ಕದಲ್ಲಿ ಕೂತಿದ್ದವರ ಮುಖ ನೋಡಿದರೆ ಅವರಿಗೂ ಅರ್ಥವಾದ ಹಾಗೆ ಕಾಣಲಿಲ್ಲ, ಆದರೆ ಕೈ ಎತ್ತಿ ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ದಯವಿಟ್ಟು ನಮಗೆ ಓದಲು ಬರುವ ಭಾಷೆಯಲ್ಲಿ ಒಂದೇ ಒಂದು ಹಾಳೆ ಕೊಡಿ. ಇಮೇಲ್ ಮಾತ್ರ ನಂಬಬೇಡಿ, ಎಷ್ಟೋ ಮನೆಗಳಲ್ಲಿ ಅಪ್ಪ ಅಮ್ಮನ ಇಮೇಲ್ ಮಾಡಿಕೊಟ್ಟಿದ್ದೇ ಮಕ್ಕಳು, ಅದರ ಪಾಸ್‌ವರ್ಡ್ ಇರುವುದೂ ಅವರ ಹತ್ತಿರವೇ.

ಮತ್ತೆ ಹಗಲು ಹೊತ್ತಿನಲ್ಲೇ ಪೋಷಕರ ಸಭೆ ಕರೆಯಬೇಡಿ. ಕೂಲಿ ಬಿಟ್ಟು, ರಜೆ ಹಾಕಿ, ದೂರದಿಂದ ಬರಲಾಗದವರನ್ನು ಆಸಕ್ತಿ ಇಲ್ಲದವರು ಅಂತ ಲೆಕ್ಕ ಹಾಕಿಬಿಡುತ್ತಾರೆ, ಅದು ತುಂಬಾ ನೋವಾಗುತ್ತದೆ. ಸಂಜೆ ಫೋನಿನಲ್ಲೇ ಕೇಳಿಸಿಕೊಳ್ಳುವ ಹಾಗೆ ಮಾಡಿದರೆ ನಾವೂ ಇರುತ್ತೇವೆ.

ಉತ್ತರ: ಮೂರನೇ ವರ್ಷ

ವಿದ್ಯಾರ್ಥಿಯಾಗಿ ಹೇಳುತ್ತೇನೆ. ನಮಗೆ ಅಪ್ಪ ಅಮ್ಮ ಬರುವುದು ಬೇಡ ಅಂತಲ್ಲ. ನಮ್ಮ ಬೆನ್ನ ಹಿಂದೆ ನಮ್ಮ ವಿಷಯ ಮಾತಾಡುವುದು ಬೇಡ, ಅಷ್ಟೇ. ನಮ್ಮ ಬ್ಯಾಚಿನಲ್ಲಿ ಒಬ್ಬನಿಗೆ ಹಾಜರಿ ಕಡಿಮೆ ಅಂತ ಅವನನ್ನು ಒಂದು ಮಾತೂ ಕೇಳದೆ ನೇರ ಮನೆಗೆ ಮೆಸೇಜ್ ಕಳಿಸಿದರು. ಅವನು ಆಗ ಜ್ವರ ಬಂದು ರೂಮಿನಲ್ಲೇ ಮಲಗಿದ್ದ, ಮನೆಯವರು ಗಾಬರಿಯಾಗುತ್ತಾರೆ ಅಂತ ಹೇಳಿರಲಿಲ್ಲ. ಮನೆಯಲ್ಲಿ ಬೈಗುಳ, ಇಲ್ಲಿ ಅವಮಾನ. ಮೊದಲು ನಮಗೆ ತಿಳಿಸಿ, ಮನೆಯಲ್ಲಿ ಹೇಳಲು ನಾಲ್ಕು ದಿನ ಕೊಡಿ, ಆಮೇಲೂ ಸರಿಯಾಗದಿದ್ದರೆ ನಾವೂ ಕೂತಿರುವಾಗಲೇ ಪೋಷಕರಿಗೆ ಫೋನ್ ಮಾಡಿ. ಇದು ಜಾಸ್ತಿ ಕೇಳಿದ ಹಾಗೆ ಅಲ್ಲ, ಅಲ್ವಾ?

ಇನ್ನು ಪಾಲ್ಗೊಳ್ಳುವುದು ಅಂದರೆ ಬರೀ ಸಭೆ ಅಲ್ಲ. ಕೆಲಸದಲ್ಲಿರುವ ಪೋಷಕರು ಬಂದು ತಮ್ಮ ಕೆಲಸದ ಬಗ್ಗೆ ಮಾತಾಡಬಹುದು, ಇಂಟರ್‌ವ್ಯೂ ಅಭ್ಯಾಸ ಮಾಡಿಸಬಹುದು. ದೊಡ್ಡ ಹುದ್ದೆಯವರನ್ನೇ ಹುಡುಕಬೇಡಿ. ಎಲೆಕ್ಟ್ರಿಷಿಯನ್, ನರ್ಸ್, ರೈತ, ಬಸ್ ಓಡಿಸುವವರು, ಇವರೆಲ್ಲರ ಹತ್ತಿರವೂ ನಮಗೆ ಹೇಳಲು ಇದೆ.

ಉತ್ತರ: ಆಪ್ತಸಮಾಲೋಚಕಿ

ಆಪತ್ತಿನ ವಿಷಯ ಇನ್ನೂ ಯಾರೂ ಎತ್ತಿಲ್ಲ, ನನಗೆ ಅದೇ ಎಲ್ಲಕ್ಕಿಂತ ಮುಖ್ಯ. ವಿದ್ಯಾರ್ಥಿ ಊಟ ಬಿಟ್ಟಿದ್ದಾನೆ, ಕ್ಲಾಸಿಗೆ ಬರುತ್ತಿಲ್ಲ, ಬದುಕೇ ಬೇಡ ಅನ್ನುತ್ತಿದ್ದಾನೆ ಅಂತ ಗೊತ್ತಾದಾಗ ಮನೆಗೆ ಹೇಳಬಹುದೋ ಬೇಡವೋ ಅಂತ ಆ ರಾತ್ರಿ ಕೂತು ಚರ್ಚೆ ಮಾಡುವಂತಾಗಬಾರದು. ಪ್ರವೇಶದ ದಿನವೇ ವಿದ್ಯಾರ್ಥಿಯನ್ನು ಕೇಳಿ ಬರೆಸಿಕೊಂಡಿರಬೇಕು. ಇಂಗ್ಲೆಂಡಿನ ಬ್ರಿಸ್ಟಲ್ ವಿಶ್ವವಿದ್ಯಾಲಯ, ಹಲವು ವಿದ್ಯಾರ್ಥಿಗಳು ಪ್ರಾಣ ಕಳೆದುಕೊಂಡ ಮೇಲೆ, 2018ರಲ್ಲಿ ಹೀಗೇ ಶುರು ಮಾಡಿತು. ನಿಮ್ಮ ಬಗ್ಗೆ ನಮಗೆ ತೀವ್ರ ಆತಂಕ ಆದರೆ ಯಾರಿಗೆ ತಿಳಿಸಬಹುದು ಅಂತ ನೋಂದಣಿ ಹೊತ್ತಿಗೇ ಕೇಳುತ್ತಾರೆ. ಅಪ್ಪ ಅಮ್ಮನ ಹೆಸರೇ ಕೊಡಬೇಕೆಂದಿಲ್ಲ, ಸ್ನೇಹಿತರ ಹೆಸರೂ ಆಗುತ್ತದೆ. ಮೊದಲ ವರ್ಷವೇ ಹತ್ತರಲ್ಲಿ ಒಂಬತ್ತಕ್ಕಿಂತ ಹೆಚ್ಚು ಮಂದಿ ಒಪ್ಪಿಗೆ ಕೊಟ್ಟರು. ಮುಂಚೆ ಕೇಳಿದರೆ ಮಕ್ಕಳು ಬೇಡ ಅನ್ನುವುದಿಲ್ಲ, ನಾವು ಕೇಳುವುದೇ ಇಲ್ಲ.

ಕಾನೂನಿನ ನೆಪ ಹೇಳುವವರಿಗೆ ಒಂದು ಮಾತು. ವಿದ್ಯಾರ್ಥಿಗಳ ಓದಿನ ದಾಖಲೆಗಳ ಗುಟ್ಟು ಕಾಯುವ ಅಮೆರಿಕದ 1974ರ ಫೆರ್ಪಾ ಕಾಯ್ದೆ ತುಂಬಾ ಬಿಗಿ ಅಂತಾರೆ. ಅದರಲ್ಲಿ 18 ತುಂಬಿದ ಮೇಲೆ, ಅಥವಾ 17ರಲ್ಲೇ ಕಾಲೇಜು ಸೇರಿದರೂ, ಓದಿನ ದಾಖಲೆಗಳ ಮೇಲಿನ ಹಕ್ಕು ಪೋಷಕರಿಂದ ವಿದ್ಯಾರ್ಥಿಗೆ ಬರುತ್ತದೆ. ಆದರೆ ಅದರಲ್ಲೂ ಜೀವಕ್ಕೋ ಆರೋಗ್ಯಕ್ಕೋ ಅಪಾಯ ಇದ್ದಾಗ ವಿದ್ಯಾರ್ಥಿಯ ಒಪ್ಪಿಗೆ ಇಲ್ಲದೆಯೂ ಮನೆಗೆ ತಿಳಿಸಲು ಅವಕಾಶ ಇದೆ. ಅದು ಕಡ್ಡಾಯ ಅಲ್ಲ, ತೀರ್ಮಾನ ಸಂಸ್ಥೆಗೆ ಬಿಟ್ಟದ್ದು. ಹಾಗಾಗಿ ಆ ತೀರ್ಮಾನ ಯಾರು ಮಾಡುತ್ತಾರೆ ಅನ್ನುವುದನ್ನು ನೀವು ಈಗಲೇ ಗೊತ್ತು ಮಾಡಿಕೊಳ್ಳಿ.

ಇದಕ್ಕಿಂತ ದೊಡ್ಡದು ಇನ್ನೊಂದಿದೆ. ಪೋಷಕರಿಗೆ ಹೇಳಲು ನಿರ್ಬಂಧ ಇರಬಹುದು, ಪೋಷಕರು ಹೇಳುವುದನ್ನು ಕೇಳಿಸಿಕೊಳ್ಳಲು ಯಾವ ನಿರ್ಬಂಧವೂ ಇಲ್ಲ. ಮಗಳ ದನಿ ಬದಲಾಗಿದೆ, ಫೋನ್ ಎತ್ತುತ್ತಿಲ್ಲ, ಎತ್ತಿದರೂ ಎರಡೇ ಮಾತು ಅಂತ ಮೊದಲು ಗೊತ್ತಾಗುವುದು ಅಮ್ಮನಿಗೆ. ಅವರು ಕಚೇರಿಗೆ ಫೋನ್ ಮಾಡಿದರೆ ನಾವು ವಿವರ ಕೊಡುವ ಹಾಗಿಲ್ಲ ಅಂತ ಇಟ್ಟುಬಿಡುತ್ತಾರೆ. ವಿವರ ಕೊಡಬೇಡಿ. ನೀವು ಏನು ಗಮನಿಸಿದಿರಿ ಹೇಳಿ, ನಾವು ಇವತ್ತೇ ಅವಳನ್ನು ಭೇಟಿ ಮಾಡಿ ಮಾತಾಡುತ್ತೇವೆ ಅನ್ನಿ, ಮತ್ತು ನಿಜವಾಗಿ ಹೋಗಿ ಮಾತಾಡಿ.

ಪ್ರತಿಕ್ರಿಯೆ: ಕ್ಷೇಮವಿಭಾಗ

ತುಂಬಾ ಥ್ಯಾಂಕ್ಸ್. ಮೇಡಂ, ಮನೆಯವರೇ ತೊಂದರೆ ಕೊಡುವವರಾಗಿದ್ದರೆ? ಆ ಫಾರ್ಮನ್ನು ಅಪ್ಪನ ಎದುರೇ ತುಂಬಿಸಿಕೊಂಡರೆ ಹೆಸರು ಬೇರೆ ಬರೆಯಲು ಆಗುವುದಿಲ್ಲವಲ್ಲ?

ಉತ್ತರ: ಆಪ್ತಸಮಾಲೋಚಕಿ

ಒಳ್ಳೆಯ ಪ್ರಶ್ನೆ. ಪೋಷಕರು ಹೊರಟ ಮೇಲೆ, ಮೊದಲ ವಾರದಲ್ಲಿ ಒಬ್ಬೊಬ್ಬರನ್ನೇ ಕೂರಿಸಿ ತುಂಬಿಸಿ. ಅಕ್ಕ, ಚಿಕ್ಕಮ್ಮ, ಹಳೆಯ ಟೀಚರ್, ಯಾರಾದರೂ ಸರಿ. ಪ್ರತಿ ಸೆಮಿಸ್ಟರ್ ಶುರುವಿಗೆ ಮತ್ತೆ ಕೇಳಿ, ಹೆಸರು ಬದಲಾಯಿಸಲು ಬಿಡಿ. 18 ತುಂಬದವರ ವಿಷಯ ಮಾತ್ರ ಬೇರೆ, ಅದಕ್ಕೆ ನಿಮ್ಮ ಕಾನೂನು ಸಲಹೆಗಾರರನ್ನು ಮೊದಲೇ ಕೇಳಿಕೊಳ್ಳಿ. ಮತ್ತೆ ಆ ಫಾರ್ಮು ಕಚೇರಿಯ ಬೀರುವಿನಲ್ಲಿ ಬೀಗ ಹಾಕಿ ಇಟ್ಟರೆ ಉಪಯೋಗ ಇಲ್ಲ, ರಾತ್ರಿ ಪಾಳಿಯ ವಾರ್ಡನ್ ಕೈಗೆ ಆ ಫೋನ್ ನಂಬರ್ ಸಿಗಬೇಕು.