ತಮ್ಮನಿಗೆ 34ನೇ ವಯಸ್ಸಿಗೆ ಈ ಶುಗರ್ ಯಾಕೆ ಬಂತು? ಅನುಭವ ಇದ್ದವರು ಹೇಳಿ

ಯಾದಗಿರಿಯಿಂದ ಕೇಳಿದ್ದು:

ನನ್ನ ತಮ್ಮ ಮೊದಲಿನಿಂದಲೂ ತೆಳ್ಳಗೆ. ಎರಡು ವರ್ಷದ ಹಿಂದೆ ಶುಗರ್ ಎಂದು ಗುಳಿಗೆ ಕೊಟ್ಟರು. ಡೋಸ್ ಏರಿಸಿದರೂ ಇಳಿಯಲಿಲ್ಲ. ಈಗ ಹೊಸ ಡಾಕ್ಟರು ಜಿಎಡಿ ಆಂಟಿಬಾಡಿ ಎಂಬ ರಕ್ತದ ಟೆಸ್ಟ್ ಮಾಡಿಸಿ, ಇದು ಲಾಡಾ, ಅಂದರೆ ದೊಡ್ಡವರಿಗೆ ನಿಧಾನವಾಗಿ ಬರುವ ಟೈಪ್ 1 ತರಹದ ಶುಗರ್, ಇನ್ಸುಲಿನ್ ಬೇಕು ಎಂದಿದ್ದಾರೆ. ನಮ್ಮ ಮನೆತನದಲ್ಲಿ ಯಾರಿಗೂ ಶುಗರ್ ಇಲ್ಲ. ಸಿಹಿ ತಿಂದದ್ದಕ್ಕಾ, ಅಂಗಡಿ ಸಾಲದ ಚಿಂತೆಗಾ, ಅದಕ್ಕೂ ಮುಂಚೆ ಬಂದಿದ್ದ ಜ್ವರಕ್ಕಾ? ರಾತ್ರಿಯೆಲ್ಲ ಇದನ್ನೇ ಯೋಚಿಸುತ್ತಾನೆ.

ಕಲಬುರಗಿಯಿಂದ:

ಅಕ್ಕಾ, ನನ್ನದೇ ಕತೆ ಓದಿದ ಹಾಗಾಯಿತು. ನನಗೆ ಗೊತ್ತಾಗಿದ್ದು 38ಕ್ಕೆ. ಅಷ್ಟರಲ್ಲಿ ಪ್ಯಾಂಟ್ ನಿಲ್ಲದೆ, ಮೊಳೆ ಕಾಸಿ ಬೆಲ್ಟಿಗೆ ಎರಡು ಹೊಸ ತೂತು ಹಾಕಿಕೊಂಡಿದ್ದೆ. ಆ ವರ್ಷ ಎಳ್ಳಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲಿ ಊಟಕ್ಕೆ ಕೂತಾಗ, ಸೋದರತ್ತೆ ನನ್ನ ತಾಟಿನಿಂದ ಶೇಂಗಾ ಹೋಳಿಗೆ ಎತ್ತಿಕೊಂಡು "ತಿಂದು ತಿಂದೇ ತಂದುಕೊಂಡಿ" ಎಂದರು. ಎಲ್ಲರೂ ನನ್ನ ಕಡೆ ನೋಡಿದರು. ಭಜ್ಜಿ, ಸಜ್ಜೆ ರೊಟ್ಟಿ ಕೂಡ ಗಂಟಲಲ್ಲಿ ಇಳಿಯಲಿಲ್ಲ. ಅತ್ತೆಯದು ತಪ್ಪಲ್ಲ, ಆಗ ನಾನೂ ಹಾಗೇ ಅಂದುಕೊಂಡಿದ್ದೆ.

ಹೋಳಿಗೆ ತಿಂದ ಮಾತ್ರಕ್ಕೆ ಆಂಟಿಬಾಡಿ ಹುಟ್ಟುವುದಿಲ್ಲ. ಇದನ್ನು ತಮ್ಮನಿಗೆ ಮೊದಲು ಹೇಳಿ. ನಮ್ಮ ಡಾಕ್ಟರು ಚೀಟಿಯ ಹಿಂದೆ ಚಿತ್ರ ಬರೆದು ತೋರಿಸಿದ್ದರು. ಮೇದೋಜೀರಕ ಗ್ರಂಥಿಯಲ್ಲಿ ಬೀಟಾ ಕೋಶಗಳಿವೆ, ಇನ್ಸುಲಿನ್ ಮಾಡುವುದು ಅವೇ. ರೋಗಾಣುಗಳನ್ನು ಹೊಡೆಯಬೇಕಾದ ನಮ್ಮ ಮೈಯ ರಕ್ಷಣಾ ಶಕ್ತಿ ಈ ಕೋಶಗಳನ್ನೇ ಹೊರಗಿನವು ಎಂದು ತಿಳಿದು ಹೊಡೆಯುತ್ತದೆ. ಆ ಹೊಡೆತದ ಗುರುತಾಗಿ ರಕ್ತದಲ್ಲಿ ಸಿಗುವುದೇ ಆಂಟಿಬಾಡಿ. ಮಕ್ಕಳಲ್ಲಿ ಬೇಗ ಬೇಗ, ನಮ್ಮಂಥವರಲ್ಲಿ ನಿಧಾನ. ಅದಕ್ಕೇ ಮೊದಮೊದಲು ಗುಳಿಗೆಯಲ್ಲಿ ನಡೆಯುತ್ತದೆ, ಟೈಪ್ 2, ಅಂದರೆ ಎಲ್ಲರಿಗೂ ಬರುವ ಸಾಮಾನ್ಯ ಶುಗರ್ ಅಂತಲೇ ಬರೆದುಬಿಡುತ್ತಾರೆ. ಬ್ರಿಟನ್ನಿನಲ್ಲಿ ಟೈಪ್ 2 ಎಂದು ಗುರುತಿಸಿದ ವಯಸ್ಕರ ರಕ್ತ ನೋಡಿದಾಗ ನೂರಕ್ಕೆ ಸುಮಾರು 10 ಜನರಲ್ಲಿ ಈ ಜಿಎಡಿ ಆಂಟಿಬಾಡಿ ಸಿಕ್ಕಿತ್ತು.

ಹೀಗೆ ಯಾಕೆ ಹೊಡೆಯುತ್ತದೆ? ಒಂದು ಪಾಲು ಹುಟ್ಟಿನಿಂದ ಬಂದದ್ದು. ಎಚ್‌ಎಲ್‌ಎ ಎಂಬ ವಂಶವಾಹಿಗಳಲ್ಲಿ ಡಿಆರ್3, ಡಿಆರ್4 ಎಂಬ ಬಗೆಗಳು ಇದ್ದವರಿಗೆ ಸಾಧ್ಯತೆ ಜಾಸ್ತಿ. ಆದರೆ ಇವು ಇದ್ದವರಲ್ಲಿ ಬಹಳ ಜನಕ್ಕೆ ಕಾಯಿಲೆ ಬರುವುದೇ ಇಲ್ಲ. ಹಾಗಾಗಿ ಮನೆತನದಲ್ಲಿ ಯಾರಿಗೂ ಇಲ್ಲದಿರುವುದು ವಿಚಿತ್ರವೇನಲ್ಲ. ಒಂದೇ ರೂಪದ ಅವಳಿಗಳಲ್ಲಿ ಒಬ್ಬರಿಗೆ ಟೈಪ್ 1 ಬಂದು ಇನ್ನೊಬ್ಬರು ಆರಾಮಾಗಿರುವುದೂ ಉಂಟು. ಅಂದರೆ ಹೊರಗಿನದೂ ಏನೋ ಸೇರಬೇಕು. ಅನುಮಾನ ಜಾಸ್ತಿ ಇರುವುದು ಕಾಕ್ಸಾಕಿ ಬಿ ತರಹದ ವೈರಸ್‌ಗಳ ಮೇಲೆ.

ಜ್ವರದ ಬಗ್ಗೆ ಕೇಳಿದಿರಿ. ಆಂಟಿಬಾಡಿಗಳು ಎಷ್ಟೋ ಸಲ ವರ್ಷಗಟ್ಟಲೆ ಮೊದಲೇ ರಕ್ತದಲ್ಲಿರುತ್ತವೆ. ಜ್ವರ ಬಂದಾಗ, ಮನಸ್ಸಿಗೆ ಪೆಟ್ಟು ಬಿದ್ದಾಗ ಮೈಗೆ ಇನ್ಸುಲಿನ್ ಜಾಸ್ತಿ ಬೇಕು. ಉಳಿದ ಕೋಶಗಳು ಅಷ್ಟು ಮಾಡಲಾರವು. ಒಳಗೆ ಇದ್ದದ್ದು ಆಗ ಹೊರಗೆ ಕಾಣುತ್ತದೆ. ಸಾಲದ ಚಿಂತೆಯೂ ಅಷ್ಟೇ, ಶುಗರ್ ಏರಿಸಿರಬಹುದು. ಕಾಯಿಲೆ ಹುಟ್ಟಿಸಿದ್ದು ಅದೇ ಅಂತ ಹೇಳಲು ಆಧಾರ ಇಲ್ಲ. ನಾನು ಮಾತ್ರ ಎರಡು ವರ್ಷ ಸುಮ್ನೆ ನನ್ನನ್ನೇ ಬೈದುಕೊಂಡೆ. ತಮ್ಮ ಹಾಗೆ ಮಾಡದಿರಲಿ.

ಬೀದರ್‌ನಿಂದ, ಶಾಲೆ ಟೀಚರ್:

ನನಗೆ ಮೊದಲು ಥೈರಾಯ್ಡ್ ಬಂತು, ಆಮೇಲೆ ಬೆರಳ ತುದಿಯಲ್ಲಿ ಬಿಳಿ ತೊನ್ನು, 41ಕ್ಕೆ ಲಾಡಾ. ಮೂರಕ್ಕೂ ಮೂಲ ಒಂದೇ, ಮೈ ತನ್ನ ಮೇಲೆ ತಾನೇ ತಿರುಗಿಬೀಳುವುದು ಎಂದು ಗೊತ್ತಾದದ್ದು ತಡವಾಗಿ. ಮನೆಯಲ್ಲಿ ಯಾರಿಗಾದರೂ ಥೈರಾಯ್ಡ್, ತೊನ್ನು ಇದೆಯಾ ನೋಡಿ. ನಾವು ಶುಗರ್ ಇದೆಯಾ ಅಂತ ಮಾತ್ರ ಕೇಳುತ್ತೇವೆ, ಅಲ್ವಾ? ತಮ್ಮನಿಗೆ ಒಮ್ಮೆ ಥೈರಾಯ್ಡ್ ನೋಡುವ ಟಿಎಸ್‌ಎಚ್ ಟೆಸ್ಟ್ ಮಾಡಿಸಿ. ಸಿ-ಪೆಪ್ಟೈಡ್ ಕೂಡ ಕೇಳಿ, ಸ್ವಂತ ಇನ್ಸುಲಿನ್ ಎಷ್ಟು ಉಳಿದಿದೆ ಅಂತ ಅದರಲ್ಲಿ ತಿಳಿಯುತ್ತದೆ.

ಹುಮನಾಬಾದಿನಿಂದ:

ನಮ್ಮ ಕಾಕಾಗೆ ಕ್ಯಾನ್ಸರ್‌ಗೆ ಪೆಂಬ್ರೊಲಿಜುಮಾಬ್ ಇಂಜೆಕ್ಷನ್ ನಡೆದಿತ್ತು. ಕೆಲವು ವಾರಗಳಲ್ಲಿ ಶುಗರ್ ಒಮ್ಮೆಲೇ ಏರಿತು. ಆ ಔಷಧ ರಕ್ಷಣಾ ಶಕ್ತಿಗೆ ಇರುವ ಬ್ರೇಕ್ ತೆಗೆಯುತ್ತದಂತೆ. ಹೀಗಾಗುವುದು ಅಪರೂಪ. ಆದರೂ ಆ ಚಿಕಿತ್ಸೆಯಲ್ಲಿ ಯಾರಾದರೂ ಇದ್ದರೆ, ದಾಹ ಮತ್ತು ಮೂತ್ರ ಜಾಸ್ತಿಯಾದ ದಿನವೇ ಡಾಕ್ಟರಿಗೆ ಹೇಳಿ.

ಮತ್ತೆ ಕಲಬುರಗಿಯಿಂದ:

ಅಕ್ಕಾ, ಎರಡು ಮಾತು ಬಿಟ್ಟಿದ್ದೆ. ತಮ್ಮನ ಗುಳಿಗೆಯಲ್ಲಿ ಡಾಪಾಗ್ಲಿಫ್ಲೋಜಿನ್ ತರಹದ್ದು ಇದ್ದರೆ ಡಾಕ್ಟರಿಗೆ ತೋರಿಸಿ ಕೇಳಿ. ನಮ್ಮ ಬಗೆಯ ಶುಗರ್‌ನಲ್ಲಿ ಅದರಿಂದ ಕೀಟೋನ್ (ಇನ್ಸುಲಿನ್ ಸಾಲದೆ ಕೊಬ್ಬು ಕರಗಿದಾಗ ರಕ್ತದಲ್ಲಿ ಸೇರುವ ಆಮ್ಲ) ಏರುವ ಅಪಾಯ ಜಾಸ್ತಿ. ವಾಂತಿ, ಹೊಟ್ಟೆನೋವು, ಜೋರು ಉಸಿರು ಬಂದರೆ ಬೆಳಗಾಗುವ ತನಕ ಕಾಯಬೇಡಿ, ಶುಗರ್ ಕಡಿಮೆ ತೋರಿಸಿದರೂ ಕೀಟೋನ್ ನೋಡಿಸಿ.

ಇನ್ನೊಂದು, ಬೇಸಿಗೆ. ಮೇ ತಿಂಗಳಲ್ಲಿ ನಮ್ಮ ಕಡೆ 42 ಡಿಗ್ರಿ ದಾಟುತ್ತದೆ, ಕರೆಂಟ್ ಹೋದರೆ ಫ್ರಿಜ್ ನಂಬುವ ಹಾಗಿಲ್ಲ. ನಾನು ದೊಡ್ಡ ಗಡಿಗೆಯಲ್ಲಿ ಹಸಿ ಮರಳು ತುಂಬಿ, ನಡುವೆ ಸಣ್ಣ ಗಡಿಗೆ ಹೂತು, ಇನ್ಸುಲಿನ್ ಪೆನ್ನನ್ನು ಡಬ್ಬಿಯಲ್ಲಿ ಹಾಕಿ ಅದರೊಳಗೆ ಇಡುತ್ತೇನೆ. ದಿನಕ್ಕೆರಡು ಸಲ ಮರಳಿಗೆ ನೀರು ಚಿಮುಕಿಸುವ ಕೆಲಸ ಈಗ ಆ ಸೋದರತ್ತೆಯದೇ.