ಹಾಲಿನಲ್ಲಿ ಕಾಣದ ಖನಿಜ ತೈಲ ತುಪ್ಪದಲ್ಲಿ ಕಂಡದ್ದು ಹೇಗೆ?

ಪ್ರಶ್ನೆ (ಯಲಹಂಕದಿಂದ):
ದೊಡ್ಡಬಳ್ಳಾಪುರ ರಸ್ತೆಯಲ್ಲಿ ನಮ್ಮದೊಂದು ಸಣ್ಣ ಡೈರಿ ಘಟಕವಿದ್ದು, ಸುತ್ತಲಿನ ಹಳ್ಳಿಗಳ ಹಾಲಿನಿಂದ ಬೆಣ್ಣೆ, ತುಪ್ಪ ತಯಾರಿಸುತ್ತೇವೆ. ನಮ್ಮಿಂದ ತುಪ್ಪ ಕೊಳ್ಳುವ ಬೇಕರಿಯವರು ಯುರೋಪಿನ ಮಾನದಂಡದಂತೆ ಪರೀಕ್ಷೆ ಮಾಡಿಸಿದಾಗ, ಖನಿಜ ತೈಲದ, ಅಂದರೆ ಪೆಟ್ರೋಲಿಯಂ ಮೂಲದ ಎಣ್ಣೆಯ, ಆರೊಮ್ಯಾಟಿಕ್ (ಉಂಗುರ ರಚನೆಯ ಅಣುಗಳ) ಅಂಶ (ಎಂಓಎಎಚ್) ಕಿಲೋಗೆ 2.6 ಮಿಲಿಗ್ರಾಂ ಬಂದಿದೆ. ಆದರೆ ಹಾಲಿನ ವರದಿಯಲ್ಲಿ ‘ಪತ್ತೆಯಾಗಿಲ್ಲ’ ಎಂದಿದೆ. ಹಾಗಾದರೆ ತುಪ್ಪ ತುಂಬುವ ಡಬ್ಬಿಯನ್ನೇ ದೂರಬೇಕೇ?

ಉತ್ತರ 1 (ಪ್ರಯೋಗಾಲಯದಲ್ಲಿರುವವರು):
ಡಬ್ಬಿಯನ್ನು ದೂರುವ ಮುನ್ನ ಲೆಕ್ಕ ನೋಡಿ. ಖನಿಜ ತೈಲ ಕೊಬ್ಬಿನೊಂದಿಗೇ ಸಾಗುತ್ತದೆ, ಶೇ. 4ರಷ್ಟು ಕೊಬ್ಬಿರುವ ಹಾಲು ಬಹುತೇಕ ಶುದ್ಧ ಕೊಬ್ಬಾದ ತುಪ್ಪವಾಗುವಾಗ ಅದು ಸುಮಾರು 25 ಪಟ್ಟು ಸಾಂದ್ರವಾಗುತ್ತದೆ. ಹಾಲಿನಲ್ಲಿ ಕಿಲೋಗೆ 0.1 ಮಿಲಿಗ್ರಾಂ ಇದ್ದರೆ ಯಂತ್ರಕ್ಕೆ ಕಾಣದೇ ಹೋಗಬಹುದು, ತುಪ್ಪದಲ್ಲಿ ಅದೇ 2.5 ಆಗುತ್ತದೆ. ಶೇ. 50ಕ್ಕಿಂತ ಹೆಚ್ಚು ಕೊಬ್ಬಿರುವ ಪದಾರ್ಥಗಳಿಗೆ ಯುರೋಪಿನ ಸದಸ್ಯ ರಾಷ್ಟ್ರಗಳು 2022ರಲ್ಲಿ ಒಪ್ಪಿಕೊಂಡ ಮಿತಿ ಕಿಲೋಗೆ 2 ಮಿಲಿಗ್ರಾಂ. ಮೂರು ಅಥವಾ ಹೆಚ್ಚು ಉಂಗುರಗಳ ಆರೊಮ್ಯಾಟಿಕ್ ಅಂಶಗಳು ವಂಶವಾಹಿಗೆ ಹಾನಿ ಮಾಡಬಹುದೆಂಬ ಶಂಕೆಯಿಂದಲೇ ಈ ಕಟ್ಟುನಿಟ್ಟು. ಇನ್ನು ಮುಂದೆ ಹಾಲಿನ ಬದಲು ಕೆನೆಯನ್ನೇ ಪರೀಕ್ಷೆಗೆ ಕಳುಹಿಸಿ, ಪ್ರಯೋಗಾಲಯದ ಅಳತೆಯ ಕನಿಷ್ಠ ಮಿತಿಯನ್ನೂ ಕೇಳಿಕೊಳ್ಳಿ.

ಉತ್ತರ 2 (ಯಂತ್ರ ನಿರ್ವಹಣೆ):
ಕೆನೆ ಟ್ಯಾಂಕಿನ ಮೇಲೆ ಕಲಕುವ ಮೋಟಾರಿನ ಗೇರ್ ಬಾಕ್ಸ್ ಕೂತಿರುತ್ತದಲ್ಲ, ಅದಕ್ಕೆ ಎಷ್ಟು ದಿನಕ್ಕೊಮ್ಮೆ ಎಣ್ಣೆ ಸೇರಿಸುತ್ತೀರಿ? ಪದೇ ಪದೇ ಸೇರಿಸಬೇಕಾಗಿ ಬಂದರೆ, ಹಳೆಯ ಎಣ್ಣೆ ಎಲ್ಲಿ ಹೋಯಿತೆಂದು ಕೇಳಿಕೊಳ್ಳಿ. ಎಣ್ಣೆ ಸೋರದಂತೆ ತಡೆಯುವ ಸೀಲ್ ಸವೆದರೆ ಎಣ್ಣೆ ಕಲಕುವ ದಂಡದ ಗುಂಟ ಇಳಿದು ಕೆನೆಗೆ ಸೇರುತ್ತದೆ. ಟ್ಯಾಂಕ್ ಖಾಲಿ ಇರುವಾಗ ದಂಡಕ್ಕೆ ಬಿಳಿ ಬಟ್ಟೆ ಸುತ್ತಿ ರಾತ್ರಿ ಬಿಟ್ಟು ನೋಡಿ. ಆಕಸ್ಮಿಕವಾಗಿ ಆಹಾರಕ್ಕೆ ತಾಗಬಹುದಾದ ಕಡೆ ಬಳಸುವ, ಆಹಾರ ದರ್ಜೆಯ ಎಚ್1 ಎಣ್ಣೆಯನ್ನೇ ಬಳಸಿ. ಆದರೆ ಅದು ಸೋರಿಕೆಗೆ ಪರವಾನಗಿಯಲ್ಲ, ಅಮೆರಿಕದ ನಿಯಮದಲ್ಲಿ ಅದಕ್ಕೂ ಆಹಾರದಲ್ಲಿ ಹತ್ತು ಪಿಪಿಎಂ (ಕಿಲೋಗೆ ಹತ್ತು ಮಿಲಿಗ್ರಾಂ) ಮಿತಿಯಿದೆ.

ಉತ್ತರ 3 (ಹಸು ಸಾಕುವವರು):
ಮೂಲವನ್ನು ಕೊಟ್ಟಿಗೆಯಲ್ಲೂ ಹುಡುಕಿ. ಕೈಯಿಂದ ಹಾಲು ಕರೆಯುವ ಕೆಲವರು ಮೊಲೆತೊಟ್ಟಿಗೆ ಪೆಟ್ರೋಲಿಯಂ ಜೆಲ್ಲಿ ಸವರುತ್ತಾರೆ. ಅದು ಚೆನ್ನಾಗಿ ಶುದ್ಧೀಕರಿಸಿದ್ದಲ್ಲದಿದ್ದರೆ, ಅದರಲ್ಲಿನ ಆರೊಮ್ಯಾಟಿಕ್ ಅಂಶ ಕರೆದ ಹಾಲಿಗೆ ನೇರವಾಗಿ ಸೇರುತ್ತದೆ.

ಪ್ರಶ್ನಿಸಿದವರು:
ಎರಡನೆಯವರ ಪ್ರಶ್ನೆಗೆ ಉತ್ತರ ಹೇಳಲು ಮುಜುಗರವಾಗುತ್ತಿದೆ: ಹದಿನೈದು ದಿನಕ್ಕೊಮ್ಮೆ ಅರ್ಧ ಲೀಟರ್. ಬಟ್ಟೆಯ ಮೇಲೆ ಕಂದು ಕಲೆ ಸ್ಪಷ್ಟವಾಗಿ ಬಂದಿದೆ. ಸೀಲ್ ಬದಲಿಸಲು ಹೇಳಿದ್ದೇನೆ. ಟ್ಯಾಂಕಿಗೆ ಹೋಗುವ ಮೊದಲಿನ ಮತ್ತು ನಂತರದ ಕೆನೆಯ ಮಾದರಿಗಳನ್ನು ನಾಳೆ ಬೇರೆ ಬೇರೆಯಾಗಿ ಕಳುಹಿಸುತ್ತೇನೆ.